ನಮ್ಮ ಗುಮಾಸ್ತರ ಮೈಮೇಲೆ ಬಿಡಾರ ಹೂಡಿರುವ ಚಿಗಟ ಮಹಾಶಯರಿಗೆ

ಇವರಿಗೆ,
ಸನ್ಮಾನ್ಯ ಚಿಗಟ ಕುಟುಂಬದ ಯಜಮಾನರು,
ಎಡಗಿವಿಯ ಹಿಂಭಾಗ, ದಟ್ಟ ರೋಮದ ಓಣಿ,
ಗುಮಾಸ್ತರ ಮೈ, ಹೊಲಿಗೆ ಅಂಗಡಿಯ ಕತ್ತರಿ ಮೇಜಿನ ಕೆಳಗೆ.

ಮಾನ್ಯರೇ,

ತಮಗೂ, ತಮ್ಮ ಧರ್ಮಪತ್ನಿಯವರಿಗೂ, ಕಣ್ಣಿಗೆ ಕಾಣದಷ್ಟು ಸಣ್ಣವರಾದರೂ ಎಣಿಕೆಗೆ ಸಿಗದಷ್ಟು ಹೆಚ್ಚಿರುವ ತಮ್ಮ ಮಕ್ಕಳು ಮೊಮ್ಮಕ್ಕಳಿಗೂ ಟೈಲರ್ ಮನೆಯವರೆಲ್ಲರ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗ ಎಂದು ಬರೀ ಮಾತಿಗೆ ಬರೆದದ್ದಲ್ಲ. ತಮ್ಮ ದರ್ಶನಕ್ಕಾಗಿ ನಾವು ಮೂರು ವಾರದಿಂದ ಟಾರ್ಚ್ ಹಿಡಿದು ನೆಲದ ಮೇಲೆ ಹೊಟ್ಟೆ ಅಡಿಯಾಗಿ ಮಲಗುತ್ತಲೇ ಇದ್ದೇವೆ. ತಾವು ಕ್ಷೇಮವೆಂಬುದು ನಮ್ಮ ಕಾಲಿನ ಗಿಣ್ಣುಗಳಿಂದ ದಿನವೂ ತಿಳಿದುಬರುತ್ತಿರುವುದರಿಂದ ಆ ಬಗ್ಗೆ ಬೇರೆ ವಿಚಾರಿಸುವುದಿಲ್ಲ.

ಗುಮಾಸ್ತರನ್ನು ತಮಗೆ ಪರಿಚಯಿಸುವುದು ಅಧಿಕಪ್ರಸಂಗವಾದೀತು, ಅವರ ರಕ್ತದ ರುಚಿಯೇ ತಮಗೆ ಗೊತ್ತು. ಆದರೆ ಇದು ಬಹಿರಂಗ ಪತ್ರವಾದ್ದರಿಂದ ಬೀದಿಯ ಜನರ ತಿಳಿವಳಿಕೆಗಾಗಿ ಹೇಳುತ್ತೇನೆ: ಗುಮಾಸ್ತರೆಂದರೆ ಕಂದು ಬಣ್ಣದ ಒಂದು ಮೊಲ. ಇಡೀ ದಿನ ಮೇಜಿನ ಕೆಳಗೆ ಕದಲದೆ ಕೂತು, ಕೈಗೆ ಸಿಕ್ಕ ಕಾಗದವನ್ನೆಲ್ಲ ಮಾಯ ಮಾಡಿ, ಕೇಳಿದರೆ ಮುಖ ಆ ಕಡೆ ತಿರುಗಿಸುವ ಗುಣದಿಂದ ಅವರಿಗೆ ಈ ಹುದ್ದೆ ದೊರಕಿದೆ. ಅವರು ನಮ್ಮಜ್ಜಿಯ ಸ್ವತ್ತು. ಅಪ್ಪ ಕತ್ತರಿಸಿ ಹೊಲಿದ ಅಂಗಿಗಳಿಗೆ ಅಜ್ಜಿ ಕೈಯಲ್ಲೇ ಕಾಜಾ ತೆಗೆಯುತ್ತಾಳೆ, ನಾನು ಗುಂಡಿ ಹಚ್ಚುತ್ತೇನೆ, ಗುಮಾಸ್ತರು ಅಜ್ಜಿಯ ಪಾದದ ಮೇಲೆ ಗದ್ದವಿಟ್ಟು ಇಬ್ಬರ ಮೇಲೂ ಉಸ್ತುವಾರಿ ನಡೆಸುತ್ತಾರೆ. ಗುಮಾಸ್ತರು ಪಾದದ ಮೇಲಿಲ್ಲದಿದ್ದರೆ ಅಜ್ಜಿಗೆ ಸೂಜಿ ಓಡುವುದಿಲ್ಲ. ಮಾತ್ರೆ ನುಂಗಲು ಮರೆಯುವ ಅಜ್ಜಿ ಅವರ ಹುಲ್ಲನ್ನು ಒಂದು ದಿನವೂ ಮರೆತವಳಲ್ಲ.

ಇಂಥ ಗೃಹಸ್ಥರ ಮೈಯನ್ನು ತಾವು ಆರಿಸಿಕೊಂಡದ್ದು ತಮ್ಮ ದೊಡ್ಡ ಗುಣ. ಬಂದ ಮೊದಲ ವಾರವೇ ತಾವು ಅಂಗಡಿಯ ಕೆಲಸಕ್ಕೂ ಕೈಹಾಕಿದಿರಿ. ಅಳತೆ ಕೊಡಲು ನಿಂತ ಶಾಲೆಯ ಹೆಡ್‌ಮಾಸ್ತರರ ಮೀನಖಂಡಕ್ಕೆ ತಾವು ಬಾಯಿ ಹಾಕಿದ ಕ್ಷಣದಲ್ಲೇ ಅಪ್ಪ ಅವರ ಸೊಂಟಕ್ಕೆ ಟೇಪು ಸುತ್ತಿದ್ದರಾದ್ದರಿಂದ, ಆ ಪ್ಯಾಂಟಿನಲ್ಲಿ ಈಗ ಹೆಡ್‌ಮಾಸ್ತರರ ಜೊತೆ ಒಬ್ಬ ಸಹಾಯಕ ಶಿಕ್ಷಕರೂ ಆರಾಮಾಗಿ ಹಿಡಿಸುತ್ತಾರೆ. ಉಂಡ ಮನೆಗೆ ಎರಡು ಬಗೆಯಬಾರದೆಂಬ ಗಾದೆ ತಮ್ಮ ಕಿವಿಗೆ ಬಿದ್ದಿಲ್ಲವೇನೋ. ತಮಗೆ ಕಿವಿಯಿದೆಯೋ ಇಲ್ಲವೋ ಎಂಬುದೂ ನನಗೆ ತಿಳಿಯದು, ಅಜ್ಞಾನವನ್ನು ಮನ್ನಿಸಬೇಕು.

ತಾವು ಯಾರ ಮೂಲಕ ಬಂದಿರೆಂದು ಪತ್ತೆಹಚ್ಚಲು ಮನೆಯಲ್ಲಿ ತನಿಖಾ ಆಯೋಗವೊಂದು ರಚನೆಯಾಯಿತು. ಅದರ ಅಧ್ಯಕ್ಷೆ, ಸದಸ್ಯೆ, ಟಿಪ್ಪಣಿ ಬರೆಯುವವಳು ಎಲ್ಲ ನಾನೇ. ಭಾನುವಾರ ಭಾನುವಾರ ನಮ್ಮಲ್ಲಿಗೆ ಬರುವ ಸೋದರಮಾವನ ನಾಯಿಯೇ ಅಪರಾಧಿಯೆಂದು ಎರಡು ಪುಟದ ತೀರ್ಪು ಬರೆದು ಟ್ರಯಲ್ ಕೋಣೆಯ ಕನ್ನಡಿಗೆ ಅಂಟಿಸಿದೆ. ಅಂಗಿ ತೊಟ್ಟು ನೋಡಲು ಬಂದವರೆಲ್ಲ ಅದನ್ನು ಓದಿ ನಕ್ಕರು. ಮಾವನೂ ಓದಿದ. ಅವನು ನಗಲಿಲ್ಲ. ನಾಯಿಯನ್ನು ಮನೆಯಲ್ಲೇ ಬಿಟ್ಟು, ಮರುದಿನ ಬೆಳಗ್ಗೆ ಒಬ್ಬನೇ ಬಂದ. ನಾಯಿಗೆ ತಿಂಗಳಿಗೊಮ್ಮೆ ಹಾಕುವ ಚಿಗಟದ ಔಷಧಿಯ ಒಂದು ಸಣ್ಣ ಟ್ಯೂಬು ಅವನ ಜೇಬಿನಲ್ಲಿತ್ತು. ತನ್ನ ಮನೆಯಿಂದ ಬಂದ ಕಾಟವನ್ನು ತಾನೇ ತೊಲಗಿಸುತ್ತೇನೆಂಬುದು ಅವನ ಹಟ. ನಮ್ಮ ಮಾವ ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬುದು ಊರಿಗೇ ಗೊತ್ತಿರುವಾಗ, ನಾಲ್ಕೂ ಕಾಲಿರುವ ನಮ್ಮ ಗುಮಾಸ್ತರ ಪಾಡೇನಾಗಬೇಕು.

ಅದಕ್ಕೂ ಮೊದಲು ಮನೆಯವರು ತಮ್ಮ ಸತ್ಕಾರಕ್ಕೆ ಸುಮ್ಮನೆ ಕೂತಿರಲಿಲ್ಲವೆಂಬುದನ್ನು ಇಲ್ಲಿ ನಿವೇದಿಸಬೇಕು. ಅಮ್ಮ ಸೋಪು ಹಾಕಿ ಮೀಯಿಸೋಣವೆಂದು ಬಕೆಟ್ಟು ತುಂಬಿಸಿದಳು, ಗುಮಾಸ್ತರು ಬಕೆಟ್ಟು ಕಂಡದ್ದೇ ತಡ ಬಟ್ಟೆಯ ಥಾನುಗಳ ಹಿಂದೆ ಸೇರಿ ಮಧ್ಯಾಹ್ನದವರೆಗೆ ಹೊರಬರಲಿಲ್ಲ. ಅಪ್ಪ ಔಷಧಿ ಅಂಗಡಿಯಿಂದ ಬೆಕ್ಕುಗಳಿಗೆ ಕಟ್ಟುವ, ಚಿಗಟದ ಮದ್ದು ಸವರಿದ ಕೊರಳಪಟ್ಟಿಯೊಂದನ್ನು ತಂದರು. ಅದು ಗುಮಾಸ್ತರ ಕುತ್ತಿಗೆಗೆ ಸಡಿಲವಾದದ್ದರಿಂದ ಚಿಕ್ಕದು ಮಾಡಿ ಹೊಲಿದು ತೊಡಿಸುವುದೆಂದು ತೀರ್ಮಾನಿಸಿ, ರಿಪೇರಿಗೆ ಬಂದ ಬಟ್ಟೆಗಳ ರಾಶಿಗೆ ಸೇರಿಸಿದರು. ನಮ್ಮಪ್ಪ ಒಮ್ಮೆ 'ನಾಳೆ ಕೊಡ್ತೀನಿ' ಎಂದರೆ ಅದು ಯಾವ ನಾಳೆಯೆಂದು ಹೇಳಲು ಪಂಚಾಂಗ ಸಾಲದು. ಮದುವೆಗೆಂದು ಹೊಲಿಯಲು ಕೊಟ್ಟ ಕೋಟನ್ನು ಮಗುವಿನ ನಾಮಕರಣಕ್ಕೆ ತೊಟ್ಟವರಿದ್ದಾರೆ. ಆ ಪಟ್ಟಿ ಈಗಲೂ ಅದೇ ರಾಶಿಯಲ್ಲಿದೆ. ಈ ವಿಳಂಬದ ಬೆಲೆ ನಮಗೆ ಆಮೇಲೆ ತಿಳಿಯಿತು.

ಸರಿ, ಮಾವ ಟ್ಯೂಬಿನ ಮೂತಿ ಕತ್ತರಿಸಿದ. ಗುಮಾಸ್ತರನ್ನು ಮಡಿಲಲ್ಲಿ ಅದುಮಿ ಹಿಡಿದು, ರೋಮ ಬಿಡಿಸಿ, ಇಲ್ಲೇ ಹಾಕು ಮಾವ ಎಂದು ನಗುತ್ತಾ ಜಾಗ ತೋರಿಸಿದವಳು ನಾನು. ಒಳಗಿನ ಕೋಣೆಯಿಂದ ಅಜ್ಜಿ ಬಂದದ್ದು ಆಗ. ನಮ್ಮ ಅಂಗಡಿಯಲ್ಲಿ ಒಂದೇ ಒಂದು ಕಾನೂನಿದೆ, ಅದು ಅಜ್ಜಿಯದು: ತೊಡುವವರ ಅಳತೆ ಆಗದೆ ಬಟ್ಟೆಗೆ ಕತ್ತರಿ ಇಡಬಾರದು, ಅವರ ಅಣ್ಣನ ಅಳತೆ ಇದೆಯೆಂದರೂ ಸಲ್ಲದು. ಅವಳು ಕನ್ನಡಕ ಏರಿಸಿಕೊಂಡು ಟ್ಯೂಬಿನ ಮೇಲಿದ್ದ ನಾಯಿಯ ಚಿತ್ರವನ್ನು ನೋಡಿದಳು, ಮಾವನ ಮುಖ ನೋಡಿದಳು.

"ಇದರ ಅಳತೆ ತಗೊಂಡೆಯೇನಪ್ಪಾ? ನಾಯಿಗೆ ಹೊಲಿದಿದ್ದನ್ನ ಮೊಲಕ್ಕೆ ತೊಡಿಸ್ತಿದ್ದೀಯಲ್ಲ."

ಮಾವನ ಕೈ ಅಲ್ಲೇ ನಿಂತಿತು. ಅಪ್ಪ ಪಶುವೈದ್ಯೆಗೆ ಫೋನು ಮಾಡಿದರು. ಮೊಲ ಎಷ್ಟಿದೆ ಎಂದು ಆಕೆ ಕೇಳಿದ್ದಕ್ಕೆ, ಕೊರಳಲ್ಲಿ ಸದಾ ಟೇಪು ನೇತುಹಾಕಿಕೊಂಡಿರುವ ನಮ್ಮಪ್ಪ ಒಂದು ನಿಮಿಷ ತಡೆಯಲು ಹೇಳಿ, ಗುಮಾಸ್ತರನ್ನು ನಿಲ್ಲಿಸಿ, ಉದ್ದ ಹದಿನಾಲ್ಕು, ಎದೆ ಹನ್ನೊಂದು, ಕಿವಿ ಮೂರೂವರೆ, ಸ್ವಲ್ಪ ಲೂಸ್ ಇಟ್ಟುಕೊಳ್ಳಿ ಎಂದು ಓದಿ ಹೇಳಿದರು. ಆಕೆ ತನಗೆ ಬೇಕಾದದ್ದು ತೂಕವೆಂದೂ, ಯಾವುದನ್ನೂ ಹಾಕದೆ ಮೊಲವನ್ನೂ ಆ ಟ್ಯೂಬನ್ನೂ ತಕ್ಷಣ ತರಬೇಕೆಂದೂ ಹೇಳಿದರು.

ಆಸ್ಪತ್ರೆಯಲ್ಲಿ ನಡೆದದ್ದನ್ನು ತಾವು ಎಡಗಿವಿಯ ಹಿಂದೆ ಕೂತು ಕೇಳಿರುತ್ತೀರಿ. ವೈದ್ಯೆ ಟ್ಯೂಬಿನ ಮೇಲಿನ ಸಣ್ಣಕ್ಷರ ಓದಿ ಅದನ್ನು ದೂರ ಸರಿಸಿಟ್ಟರು. ನಾಯಿಗೆ ಅಮೃತವಾದ ಈ ಔಷಧಿ ಮೊಲಕ್ಕೆ ವಿಷ, ಹಾಕಿದ್ದರೆ ಮೇವು ಬಿಟ್ಟು ಮಂಕಾಗಿ, ಫಿಟ್ಸ್ ಬಂದು ಸತ್ತೇಹೋಗಬಹುದಿತ್ತು ಎಂದರು. ಪಟ್ಟಿಯ ಮದ್ದು ಚರ್ಮ ಸುಡುತ್ತದೆ, ಮೊಲ ಅದನ್ನು ಕಡಿದು ನುಂಗಿದರೂ ಕೇಡು. ನೀರಲ್ಲಿ ಅದ್ದಿದರೆ ಬರೀ ಹೆದರಿಕೆಗೇ ಎದೆ ನಿಂತುಹೋಗುವಷ್ಟು ಅಳ್ಳೆದೆಯ ಪ್ರಾಣಿ ಇದು. ಅಂತೂ ಮೂರು ವಾರದಲ್ಲಿ ನಾವು ಗುಮಾಸ್ತರನ್ನು ಮೂರು ವಿಧದಲ್ಲಿ ಕೊಲ್ಲಲು ಹೊರಟಿದ್ದೆವು. ನೆಗಡಿಯಾಯಿತೆಂದು ಮೂಗು ಕೊಯ್ಯಬಾರದೆಂಬ ಮಾತನ್ನು ಬಲ್ಲ ಮನೆತನ ನಮ್ಮದು, ಆದರೆ ಮೂಗು ಇನ್ನೊಬ್ಬರದಾದಾಗ ಅದು ನೆನಪಿಗೆ ಬರುವುದಿಲ್ಲ. ತಾವಾದರೂ ಬರೀ ಹೊಟ್ಟೆಪಾಡಿಗೆ ಕಚ್ಚಿದಿರಿ. ನಾವು ಪ್ರೀತಿಯಿಂದ ಮಾಡಹೊರಟದ್ದರ ಮುಂದೆ ಅದು ಏನೇನೂ ಅಲ್ಲ. ಈ ಪತ್ರದಲ್ಲಿ ನಾನು ತಮ್ಮನ್ನು ನಿಜವಾಗಿ ಹೊಗಳಿದ ಜಾಗ ಇದೊಂದೇ.

ಆಮೇಲೆ ವೈದ್ಯೆ ಗುಮಾಸ್ತರನ್ನು ತಕ್ಕಡಿಯಲ್ಲಿ ಕೂರಿಸಿ ತೂಗಿ, ಮೊಲಕ್ಕೆ ಆಗಿಬರುವ ಬೇರೆ ಔಷಧಿಯನ್ನು ತೂಕಕ್ಕೆ ತಕ್ಕಷ್ಟೇ ಅಳೆದು, ನಾಲಿಗೆಗೆ ಎಟುಕದ ಹಾಗೆ ಕುತ್ತಿಗೆಯ ಹಿಂದೆ ಬಿಟ್ಟರು. ಮಾವನ ನಾಯಿಗೆ ತಿಂಗಳು ತಿಂಗಳು ಔಷಧಿ ಬೀಳುತ್ತಿದ್ದರೆ ಚಿಗಟ ಅದರಿಂದ ಬಂದಿರುವುದು ಕಷ್ಟ, ಮನೆಯೊಳಗೆ ಬೇರೆ ಯಾವ ಪ್ರಾಣಿ ಬರುತ್ತದೆ ಎಂದು ಕೇಳಿದರು. ತನಿಖಾ ಆಯೋಗದ ಅಧ್ಯಕ್ಷೆ ಆ ಹೊತ್ತಿಗೆ ಗೋಡೆಯ ಮೇಲಿನ ಹಸುವಿನ ಹಲ್ಲುಗಳ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು. ಪಕ್ಕದ ಮನೆಯ ಬೆಕ್ಕನ್ನು ಹಿಂದಿನ ಕಿಟಕಿಯಿಂದ ಒಳಗೆ ಕರೆದು, ಚೂರು ಬಟ್ಟೆಯ ಬುಟ್ಟಿಯಲ್ಲಿ ಮಲಗಿಸಿಕೊಳ್ಳುತ್ತಿದ್ದವಳು ನಾನೇ ಎಂದು ಬಾಯಿ ಬಿಡಬೇಕಾಯಿತು. ಮಾವ ಬೈಯಲಿಲ್ಲ. ಕನ್ನಡಿಯ ಮೇಲಿನ ಕಾಗದ ಕಿತ್ತುಬಿಡು ಮಗಳೇ ಎಂದಷ್ಟೇ ಹೇಳಿದ. ಅವನು ಬೈದಿದ್ದರೆ ಚೆನ್ನಾಗಿತ್ತು.

ಮೊಲ ಅರ್ಧ ದಿನ ಏನೂ ತಿನ್ನದಿದ್ದರೆ ಫೋನು ಮಾಡಬೇಕೆಂದು ವೈದ್ಯೆ ಎಚ್ಚರಿಸಿ ಕಳಿಸಿದ್ದರು. ಮನೆಗೆ ಬಂದ ಗುಮಾಸ್ತರು ಮೇಜಿನ ಕೆಳಗಿನ ಮೂಲೆ ಸೇರಿದರು. ಹನ್ನೆರಡಾಯಿತು, ಎರಡಾಯಿತು, ಹುಲ್ಲು ಇಟ್ಟಲ್ಲೇ ಇತ್ತು. ಅಜ್ಜಿ ಸೂಜಿಗೆ ದಾರ ಪೋಣಿಸಲಿಲ್ಲ. ಅಪ್ಪ ಮಷೀನು ತುಳಿದರೆ ಸದ್ದಾಗುತ್ತದೆಂದು ಕಾಲು ಎತ್ತಿಕೊಂಡು ಕೂತರು. ಆ ದಿನ ನನ್ನ ಬಾಯಲ್ಲಿ ಒಂದು ಕುಚೋದ್ಯವೂ ಹುಟ್ಟಲಿಲ್ಲವೆಂಬುದಕ್ಕೆ ಇಡೀ ಮನೆಯೇ ಸಾಕ್ಷಿ. ನಾಲ್ಕಕ್ಕೆ ಅಪ್ಪ ಫೋನು ಕೈಗೆತ್ತಿಕೊಂಡಾಗ ಮೇಜಿನ ಕೆಳಗಿಂದ ಕರಕರ ಎಂದು ಕೇಳಿಸಿತು. ಬಗ್ಗಿ ನೋಡಿದರೆ, ಗುಮಾಸ್ತರು ಆರ್ಡರ್ ಪುಸ್ತಕದ ಒಂದು ಹಾಳೆಯನ್ನು ಅರ್ಧ ಮುಗಿಸಿದ್ದರು. ಆ ಪುಸ್ತಕ ಮುಟ್ಟಿದ್ದಕ್ಕೆ ಒಮ್ಮೆ ನನ್ನ ಬೆನ್ನಿಗೆ ಸ್ಕೇಲು ಮುರಿದಿದ್ದ ಅಪ್ಪ ಇನ್ನರ್ಧ ಹಾಳೆಯನ್ನು ತಾವೇ ಹರಿದು ಕೊಟ್ಟರು. ಹಾಳೆಯ ರುಚಿಗೆ ಹುಲ್ಲೂ ನೆನಪಾಗಿ ಗುಮಾಸ್ತರು ಅದಕ್ಕೂ ಬಾಯಿ ಹಾಕಿದ ಮೇಲೆ ಅಜ್ಜಿ ದಾರ ಪೋಣಿಸಿದಳು. ಗಿರಾಕಿಗಳಿಗೆ ಅಪ್ಪ ಈಗ ನಾಳೆ ಎನ್ನುವುದಿಲ್ಲ. ನಿಮ್ಮ ಆರ್ಡರ್ ಮೊಲ ತಿಂದಿದೆ ಎನ್ನುತ್ತಾರೆ. ಅಪ್ಪ ಹೇಳಿದ ಕಾರಣಗಳಲ್ಲಿ ನಿಜವಾದದ್ದು ಇದೇ ಮೊದಲು, ಯಾರೂ ನಂಬುತ್ತಿಲ್ಲ.

ಹೀಗಿರುವಲ್ಲಿ, ಉಳಿದಿರುವ ತಮ್ಮ ಬಂಧುಬಳಗದ ಗಮನಕ್ಕೆ ಕೆಲವು ವಿನಂತಿಗಳು. ಅಜ್ಜಿ ಸಂಜೆ ಸಂಜೆ ಸಣ್ಣ ಹಲ್ಲಿನ ಬಾಚಣಿಗೆಯಿಂದ ಗುಮಾಸ್ತರ ಮೈ ಬಾಚಿ ತಮ್ಮವರನ್ನು ಸೋಪು ನೀರಿನ ಬಟ್ಟಲಿಗೆ ಬೀಳ್ಕೊಡುತ್ತಾಳೆ. ಮೊದಲ ದಿನ ಹನ್ನೊಂದು ಮಂದಿ, ನಿನ್ನೆ ಒಬ್ಬರೇ. ಅವಳ ಕಣ್ಣು ಮಂಜಾಗಿರುವುದರಿಂದ ದಯವಿಟ್ಟು ಸಾಲಾಗಿ, ಎತ್ತರದ ಪ್ರಕಾರ ನಿಂತು, ಜಿಗಿಯದೆ ಸಹಕರಿಸಬೇಕು. ಹಾಸಿಗೆ ಬಟ್ಟೆಗಳನ್ನು ಬಿಸಿನೀರಿಗೆ ಹಾಕುವ ಮೊದಲು ತಾವು ಎಲ್ಲೆಲ್ಲಿ ಮೊಟ್ಟೆಯಿಟ್ಟಿದ್ದೀರೆಂಬ ಪಟ್ಟಿಯನ್ನು, ನಕಾಶೆ ಸಹಿತ, ಎರಡು ಪ್ರತಿಗಳಲ್ಲಿ ಸಲ್ಲಿಸಬೇಕು. ಮಷೀನಿನ ಕೆಳಗೆ, ಚಾಪೆಯ ಸಂದಿಯಲ್ಲಿ, ಬಟ್ಟೆ ಚೂರುಗಳ ರಾಶಿಯಲ್ಲಿ ನಾನು ದಿನಾ ವ್ಯಾಕ್ಯೂಮ್ ಎಳೆದು ಚೀಲವನ್ನು ಹೊರಗೆ ಒಯ್ಯುತ್ತಿದ್ದೇನೆ. ಗುಮಾಸ್ತರ ಉಸಿರಿಗೆ ಕೇಡಾಗದಿರಲೆಂದು ಯಾವ ಮದ್ದನ್ನೂ ಸಿಂಪಡಿಸದೆ ಬರೀ ನಡು ನೋಯಿಸಿಕೊಳ್ಳುತ್ತಿರುವ ನನ್ನ ತ್ಯಾಗವನ್ನು ತಮ್ಮ ಮುಂದಿನ ಪೀಳಿಗೆ, ಅಂಥದೊಂದು ಇದ್ದರೆ, ಸ್ಮರಿಸಬೇಕು. ಪಕ್ಕದ ಮನೆಯ ಬೆಕ್ಕಿಗೂ ಅದರದೇ ತೂಕಕ್ಕೆ ಅದರದೇ ಔಷಧಿ ಬಿದ್ದಿದೆ. ವಾಹನ ಸೌಕರ್ಯ ರದ್ದಾಗಿರುವುದಕ್ಕೆ ವಿಷಾದಿಸುತ್ತೇನೆ.

ತಮ್ಮ ಕಡಿತಕ್ಕೆ ಪಾತ್ರಳಾಗಿಯೂ ಬದುಕುಳಿದಿರುವ, ತಮ್ಮ ವಿಶ್ವಾಸಿ,
ಟೈಲರ್ ಮಗಳು,
ಗುಂಡಿ ವಿಭಾಗದ ಮುಖ್ಯಸ್ಥೆ ಹಾಗೂ ವಿಸರ್ಜಿತ ತನಿಖಾ ಆಯೋಗದ ಮಾಜಿ ಅಧ್ಯಕ್ಷೆ.

ತಾ.ಕ.: ಎರಡನೆಯ ಸಲ ಔಷಧಿ ಹಾಕಲು ವೈದ್ಯೆ ಕೊಟ್ಟಿರುವ ದಿನವನ್ನು ಅಪ್ಪ ಆರ್ಡರ್ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆದು, ಗುಮಾಸ್ತರಿಗೆ ಎಟುಕದ ಮೊಳೆಗೆ ನೇತುಹಾಕಿದ್ದಾರೆ. ಈ ಅಂಗಡಿಯ ಖ್ಯಾತಿಯನ್ನು ನಂಬಿ ತಾವು ಮತ್ತೊಂದು ತಿಂಗಳು ನಿಶ್ಚಿಂತೆಯಿಂದ ಮೊಟ್ಟೆಯಿಡಬಹುದೆಂದುಕೊಂಡಿದ್ದರೆ ಮೋಸ ಹೋಗುತ್ತೀರಿ: ನಮ್ಮಪ್ಪನ ಜೀವಮಾನದಲ್ಲಿ ಹೇಳಿದ ದಿನಕ್ಕೆ ಡೆಲಿವರಿಯಾಗುವ ಮೊದಲ ಆರ್ಡರ್ ತಮ್ಮದೇ.