ಬೆಲ್ಲದ ಕೊಪ್ಪರಿಗೆಯಲ್ಲಿ ದೋಣಿವಿಹಾರ

ಇದನ್ನು ಓದುವವರು ಎಲ್ಲವನ್ನೂ ನಂಬಬೇಕಾಗಿಲ್ಲ. ಬರೆಯುತ್ತಿರುವ ನಾನೇ ಪೂರ್ತಿ ನಂಬಿಲ್ಲ. ಅದು ತೊಂಬತ್ತೊಂದೋ ತೊಂಬತ್ತೆರಡೋ. ದೀಪಾವಳಿ ಮುಗಿದಿತ್ತು ಎನ್ನುವುದು ಖಾತ್ರಿ. ಅವ್ವ ಹಸಿರು ಸೀರೆ ಉಟ್ಟಿದ್ದಳು ಎನ್ನುವುದು ಮುಕ್ಕಾಲು ಖಾತ್ರಿ. ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಅದು ಹಸಿರಲ್ಲ, ಕಂದು ಬಣ್ಣದ್ದು ಎನ್ನುತ್ತಾಳೆ. ಆ ದಿನ ನನ್ನ ಕೈಯಲ್ಲಿ ಹಸಿರು ಬಣ್ಣದ ಡಬ್ಬಿ ಇದ್ದದ್ದರಿಂದ, ನೆನಪಿನಲ್ಲಿ ಅವ್ವನ ಸೀರೆಗೂ ಅದೇ ಬಣ್ಣ ಹತ್ತಿರಬಹುದು. ನಾನು ದಿನಚರಿ ಬರೆಯುವವಳು, ನಿಜ. ಆದರೆ ಆ ವಾರ ಬರೆದದ್ದೆಲ್ಲ ಪೂರ್ವಸಿದ್ಧತೆಯ ವಿವರ. ನಡೆದದ್ದನ್ನು ಬರೆಯುವ ಉಮೇದು ಆಮೇಲೆ ಉಳಿಯಲಿಲ್ಲ.

ನಮ್ಮ ಊರು ಕೃಷ್ಣಾ ನದಿಯ ಈಚೆ ದಂಡೆಗೆ, ಚಿಕ್ಕೋಡಿ ತಾಲೂಕಿನಲ್ಲಿ. ಅವ್ವನ ತವರು ಎದುರು ದಂಡೆಗೆ, ಅಥಣಿ ತಾಲೂಕಿನಲ್ಲಿ. ನಮ್ಮ ಹಿತ್ತಲಲ್ಲಿ ನಿಂತರೆ ಆಚೆಯ ಬಸ್ತಿಯ, ಅಂದರೆ ಜೈನ ಗುಡಿಯ, ಶಿಖರ ಕಾಣುತ್ತದೆ. ಸೇತುವೆ ಇಲ್ಲದ ಕಾಲದಲ್ಲಿ ಪ್ರತಿ ಪಂಚಮಿಗೂ ಅವ್ವನನ್ನು ಕರೆಯಲು ಅವಳ ತಮ್ಮ ಭರಮು ಮಾಮಾ ಹೊಳೆ ದಾಟಿ ಬರುತ್ತಿದ್ದ. ಬರುತ್ತಿದ್ದದ್ದು ಕೊಪ್ಪರಿಗೆಯಲ್ಲಿ. ಕಬ್ಬಿನ ಹಾಲು ಕುದಿಸಿ ಬೆಲ್ಲ ಮಾಡುತ್ತಾರಲ್ಲ, ಗಾಣದ ಮನೆಯ ಆ ಅಗಲವಾದ ಕಬ್ಬಿಣದ ಪಾತ್ರೆ. ಮಳೆಗಾಲದಲ್ಲಿ ಗಾಣ ನಿಂತಿರುತ್ತದೆ, ಕೊಪ್ಪರಿಗೆ ಖಾಲಿ ಬಿದ್ದಿರುತ್ತದೆ. ಹೊಳೆಗೆ ಬಿಟ್ಟರೆ ಅದೇ ದೋಣಿ. ಪಾಕ ತಿರುವುವ ಉದ್ದನೆಯ ಕಟ್ಟಿಗೆಯಿಂದಲೇ ನೀರನ್ನೂ ತಳ್ಳುವುದು. ನಮ್ಮ ಕಡೆ ಇದನ್ನು ಕಂಡು ಯಾರಿಗೂ ಆಶ್ಚರ್ಯವಾಗುವುದಿಲ್ಲ.

ಆ ವರ್ಷ ಅವ್ವನನ್ನು ಮಿರಜಕ್ಕೆ ಒಯ್ದು ತೋರಿಸಿದೆವು. ಡಾಕ್ಟರು ಅಣ್ಣನನ್ನು ಬದಿಗೆ ಕರೆದು ಮಾತಾಡಿದರು. ಅವ್ವನಿಗೆ ನಾವು ಏನೂ ಹೇಳಲಿಲ್ಲ, ಅವಳೂ ಏನೂ ಕೇಳಲಿಲ್ಲ. ಮನೆ ಮುಟ್ಟಿದ ಮೇಲೆ ಕಾಲು ಚಾಚಿ ಕುಳಿತು ಒಂದೇ ಮಾತು ಹೇಳಿದಳು.

"ಇನ್ನೊಮ್ಮೆ ಕೊಪ್ಪರಿಗ್ಯಾಗ ಕುಂತು ನಮ್ಮೂರಿಗೆ ಹೋಗಬೇಕು ನೋಡ, ಪದ್ದೀ."

"ಈಗ ಸೇತುವೆ ಐತಲ್ಲವ್ವಾ. ಜೀಪ್ ಹೇಳ್ತೀನಿ. ಆರಾಮ ಹೋಗಿ ಬಾ."

"ಜೀಪಿನ್ಯಾಗ ಹೋದ್ರ ಬೀಗರ ಮನಿಗೆ ಹೋದಂಗ ಆಗತೈತಿ. ತವರಿಗೆ ನೀರ ಮ್ಯಾಲೇ ಹೋಗಬೇಕು."

ಈ ಕಾರ್ಯದ ಸಂಪೂರ್ಣ ಜವಾಬ್ದಾರಿಯನ್ನು ನಾನು ವಹಿಸಿಕೊಂಡೆ. ನನಗಿಂತ ಯೋಗ್ಯರು ಯಾರಿದ್ದರು? ಧಾರವಾಡದಲ್ಲಿ ಎಂ.ಎ. ಮಾಡಿದವಳು, ಚಿಕ್ಕೋಡಿಯ ಕಾಲೇಜಿನಲ್ಲಿ ಪಾಠ ಹೇಳುವವಳು. ಅದಕ್ಕಿಂತ ಮುಖ್ಯವಾಗಿ, ಹಿಂದಿನ ವರ್ಷ ವಿದ್ಯಾರ್ಥಿನಿಯರನ್ನು ಪ್ರವಾಸಕ್ಕೆ ಕರೆದೊಯ್ದಾಗ ಒಂದು ಕೆರೆಯ ದಂಡೆಯಲ್ಲಿ 'ದೋಣಿವಿಹಾರಿಗಳ ಗಮನಕ್ಕೆ' ಎಂಬ ಸರಕಾರಿ ಫಲಕವನ್ನು ಅಕ್ಷರ ಬಿಡದೆ ಬರೆದುಕೊಂಡು ಬಂದಿದ್ದೆ. ಉಳಿದವರು ಕೆರೆ ನೋಡಿದರು, ನಾನು ಫಲಕ ನೋಡಿದೆ. ಮೋಜಿಗಾಗಿ ನೀರಿಗಿಳಿಯುವವರು ಪಾಲಿಸಬೇಕಾದ ಎಲ್ಲವೂ ಅದರಲ್ಲಿತ್ತು. ಕೊಪ್ಪರಿಗೆಗೆ ಇದು ಅನ್ವಯಿಸುವುದಿಲ್ಲ ಎಂದು ಎಲ್ಲಿಯೂ ಹೇಳಿರಲಿಲ್ಲ. ಅನ್ವಯಿಸುವುದಿಲ್ಲ ಎಂದು ಹೇಳದಿದ್ದರೆ ಅನ್ವಯಿಸುತ್ತದೆ ಎಂದೇ ಅರ್ಥ. ಅವ್ವನ ಸ್ಥಿತಿಯಲ್ಲಿ ಯಾವ ಅಪಾಯಕ್ಕೂ ಎಡೆಗೊಡಬಾರದೆಂದು ನಿರ್ಧರಿಸಿದೆ.

ಮಾಮಾನಿಗೆ ಹೇಳಿ ಕಳಿಸಿದೆ. ಅವನು ಒಂದು ಮಧ್ಯಾಹ್ನ ಕೊಪ್ಪರಿಗೆಯಲ್ಲಿ ನಿಂತುಕೊಂಡೇ ಹೊಳೆ ದಾಟಿ ಬಂದ. ನಿಂತು ಪ್ರಯಾಣಿಸುವುದು ನಿಷಿದ್ಧ. ಹೋಗಲಿ, ಬರುವಾಗಿನದು ನನ್ನ ವ್ಯಾಪ್ತಿಗೆ ಬರುವುದಿಲ್ಲ ಎಂದು ಬಿಟ್ಟೆ.

"ಇವತ್ತೇ ಆಗಬೇಕು ನೋಡ್ರಿ, ಬಾಯಾರ," ಎಂದ. ನಾನು ಕಲಿಸುವ ಕೆಲಸಕ್ಕೆ ಸೇರಿದ ಮೇಲೆ ಮಾಮಾ ನನಗೆ ಬಾಯಾರ ಎಂದು ಬಹುವಚನ ಹಚ್ಚಿ ಕಾಡುತ್ತಿದ್ದ. "ನಾಳಿಗೆ ಗಾಣದ ಪೂಜಿ. ಒಮ್ಮೆ ಬೆಂಕಿ ಹಾಕಿದ್ರ ಕೊಪ್ಪರಿಗಿ ಒಲಿ ಮ್ಯಾಲಿಂದ ಇಳಿಯೂದು ಯುಗಾದಿಗೇ."

"ಚಿಂತಿ ಮಾಡಬ್ಯಾಡ ಮಾಮಾ. ಎಲ್ಲಾ ತಯಾರೈತಿ. ನೀ ಉಂಡು ಮಲಕ್ಕೊ."

ಅವನು ಉಂಡು ಮಲಗಿದ. ಅವನನ್ನು ಮಲಗಿಸಿದ್ದೇ ನನ್ನ ಮೊದಲ ಎಡವಟ್ಟು.

ಫಲಕದ ಪ್ರಕಾರ ಪ್ರತಿಯೊಂದು ದೋಣಿಯೂ ತಾನು ಎಷ್ಟು ಜನರನ್ನು ಹೊರಬಲ್ಲದು ಎಂಬುದನ್ನು ಪ್ರಯಾಣಿಕರಿಗೆ ಕಾಣುವಂತೆ ಬರೆಸಿರತಕ್ಕದ್ದು. ಪ್ರಯಾಣಿಕರು ಒಳಗೆ ಕೂರುವುದರಿಂದ ಒಳಗೆ ಬರೆದರೆ ತಾನೇ ಕಾಣುವುದು? ಬಾಗಿಲಿಗೆ ಬಳಿದು ಉಳಿದಿದ್ದ ಹಸಿರು ಎಣ್ಣೆಬಣ್ಣ ಹುಡುಕಿ ತೆಗೆದೆ. ಹೊಳೆದಂಡೆಗೆ ಎಳೆದಿಟ್ಟಿದ್ದ ಕೊಪ್ಪರಿಗೆಯಲ್ಲಿ ಇಳಿದು, ಒಳಮೈಗೆ ದಪ್ಪ ಅಕ್ಷರಗಳಲ್ಲಿ 'ಗರಿಷ್ಠ ಮಿತಿ: ಮೂರು ಜನ' ಎಂದು ಬರೆದೆ. ಚೆಂದ ಕಾಣಲೆಂದು ಕೆಳಗೆ ಒಂದು ಗೆರೆಯನ್ನೂ ಎಳೆದೆ.

ವೈನಿ ನೀರಿಗೆಂದು ಬಂದವಳು ಕೊಡ ಕೆಳಗಿಟ್ಟಳು.

"ಪದ್ಮಕ್ಕಾ, ನಾಳೆ ಇದ್ರಾಗ ಕಬ್ಬಿನ ಹಾಲು ಕುದಸ್ತಾರಲ್ಲ?"

"ಹೌದು."

"ಹಂಗಾರ ಈ ಸಲ ಮಾಮಾರ ಬೆಲ್ಲ ಹಸರ."

ನಾನು ಬ್ರಷ್ ಹಿಡಿದುಕೊಂಡೇ ನಿಂತೆ. ಎಂ.ಎ.ಯಲ್ಲಿ ಈ ವಿಷಯ ಇರಲಿಲ್ಲ.

ಮಾಮಾ ಎಚ್ಚರಾಗುವುದರೊಳಗೆ ಅಳಿಸಿಬಿಡೋಣ ಎಂದು ಚಿಮಣಿ ಎಣ್ಣೆ, ಅಂದರೆ ಸೀಮೆಎಣ್ಣೆ, ತಂದು ಉಜ್ಜಿದೆ. ಅಕ್ಷರ ಹೋದವು. ಅಕ್ಷರಗಳಲ್ಲಿದ್ದ ಬಣ್ಣ ಹೋಗಲಿಲ್ಲ, ಕೊಪ್ಪರಿಗೆಯ ಅರ್ಧ ಮೈಗೆ ಹರಡಿತು. ಮೇಲೆ ಚಿಮಣಿ ಎಣ್ಣೆಯ ವಾಸನೆ ಬೇರೆ. ಅಷ್ಟರಲ್ಲಿ ಮಾಮಾ ಎದ್ದು ಬಂದ. ಒಳಗೆ ಇಣುಕಿದ. ಮೂಗು ಮುಚ್ಚಿಕೊಂಡ.

"ಹೇ ಕಾಯ್ ಝಾಲಂ?" ಇದೇನಾಯಿತು ಎಂದು ಮರಾಠಿಯಲ್ಲಿ ಕೇಳಿದ. ಸಿಟ್ಟು ಬಂದರೆ ಅವನು ಹೊಳೆ ಬಿಟ್ಟು ಗಡಿಯನ್ನೇ ದಾಟುತ್ತಿದ್ದ.

"ಎಷ್ಟ ಮಂದಿ ಕೂಡಬೇಕಂತ ಬರದಿದ್ದೆ ಮಾಮಾ."

"ಮೂವತ್ತು ವರ್ಷ ಆತು ನಾ ಇದ್ರಾಗ ಮಂದೀನ ದಾಟ್ಸಾಕತ್ತು. ಬರಕೊಂಡು ಯಾರೂ ಕುಂತಿಲ್ಲ."

"ನೀ ಬೈಬ್ಯಾಡೋ ಭರಮೂ," ಎಂದಳು ಅವ್ವ ಕಟ್ಟೆಯ ಮೇಲಿಂದ. ಅವಳು ಮಧ್ಯಾಹ್ನದಿಂದಲೇ ತಲೆ ಬಾಚಿ, ಸೀರೆ ಉಟ್ಟು, ತವರಿಗೆ ಒಯ್ಯಲು ಶೇಂಗಾ ಉಂಡಿಯ ಗಂಟು ಕಟ್ಟಿಕೊಂಡು ಅಲ್ಲಿ ಕುಳಿತಿದ್ದಳು. "ಕೂಸು ನನ್ನ ಸಲುವಾಗಿ ಮಾಡೇತಿ."

ಕೂಸಿಗೆ ಆಗ ನಲವತ್ತರ ಹತ್ತಿರ.

ಮುಂದೆ ವೈನಿ, ಮಾಮಾ, ನಾನು ಮೂವರೂ ಕೊಪ್ಪರಿಗೆಯೊಳಗೆ ಇಳಿದು ಬೂದಿ, ಹುಣಸೆಹಣ್ಣು, ತೆಂಗಿನ ನಾರಿನ ಜುಬ್ಬರ ಹಾಕಿ ತಿಕ್ಕಿದೆವು. ಗರಿಷ್ಠ ಮಿತಿ ಮೂರು ಜನ ಎಂಬುದು ಒಣನೆಲದ ಮೇಲಾದರೂ ಪಾಲನೆಯಾಯಿತು. ತಿಕ್ಕಿ ಮುಗಿಯುವಷ್ಟರಲ್ಲಿ ಬಿಸಿಲು ಹಳದಿಯಾಗಿತ್ತು.

ನಂತರ ಜೀವರಕ್ಷಕ ಅಂಗಿಯ ಪ್ರಶ್ನೆ. ಅಂಥ ಅಂಗಿ ಚಿಕ್ಕೋಡಿಯಲ್ಲಾಗಲಿ ನಿಪ್ಪಾಣಿಯಲ್ಲಾಗಲಿ ಸಿಗುವುದಿಲ್ಲವೆಂದು ಮೊದಲೇ ತಿಳಿದು, ಅಣ್ಣನ ಟ್ರ್ಯಾಕ್ಟರಿನ ಹಳೆಯ ಟ್ಯೂಬಿಗೆ ಗಾಳಿ ಹೊಡೆಸಿಟ್ಟಿದ್ದೆ. ಅದನ್ನು ಅವ್ವನ ತಲೆಯ ಮೇಲಿಂದ ಇಳಿಸಿದೆವು. ಅದು ಬಗಲಲ್ಲಿ ನಿಂತಿತು. ಕೈ ಕೆಳಗೆ ಬರಲೊಲ್ಲವು. ಅವ್ವ ಎರಡೂ ತೋಳು ಚಾಚಿ, ಹಾರಲು ಸಿದ್ಧಳಾದವಳಂತೆ ನಿಂತಳು.

"ಸಿಂಬಿ ಮ್ಯಾಲೆ ಕೊಡ ಇಟ್ಟಂಗ ಕಾಣಸ್ತೀರಿ, ಅತ್ತೀ," ಎಂದಳು ವೈನಿ.

ಅವ್ವ ನಕ್ಕಳು. ನಕ್ಕರೆ ಕೆಮ್ಮು ಬರುತ್ತಿತ್ತು. ಕೆಮ್ಮು ನಿಲ್ಲುವ ತನಕ ಎಲ್ಲರೂ ಹೊಳೆಯ ಕಡೆಗೆ ನೋಡುತ್ತ ನಿಂತೆವು.

ಈಗ ಹೊರಡುವುದೊಂದೇ ಬಾಕಿ ಎನ್ನುವಾಗ ಅವ್ವ ಸೂರ್ಯನನ್ನು ನೋಡಿದಳು.

"ಪದ್ದೀ, ಊಟದ ಹೊತ್ತಾತಲ್ಲ."

ನಾವು ಜೈನರು. ಹೊತ್ತು ಮುಳುಗಿದ ಮೇಲೆ ಅವ್ವ ಅನ್ನ ಮುಟ್ಟುವವಳಲ್ಲ, ನೀರೂ ಕುಡಿಯುವವಳಲ್ಲ. ಮದುವೆಯಾಗಿ ಬಂದಾಗಿನಿಂದ ಒಂದು ದಿನವೂ ತಪ್ಪಿರಲಿಲ್ಲ. ಮಿರಜದ ಗುಳಿಗೆಯನ್ನು ಬರಿಹೊಟ್ಟೆಯಲ್ಲಿ ನುಂಗುವಂತಿರಲಿಲ್ಲ. ಆಚೆ ದಂಡೆಗೆ ಹೋಗಿ ಉಣ್ಣೋಣವೆಂದರೆ ದಾಟುವುದರೊಳಗೆ ಸೂರ್ಯ ಮುಳುಗಿಬಿಡುತ್ತಾನೆ.

"ಕೊಪ್ಪರಿಗ್ಯಾಗ ಕುಂತು ಉಣ್ಣಲಿ ಬಿಡ್ರಿ," ಎಂದ ಮಾಮಾ. "ಪಂಚಮ್ಯಾಗ ಉಂಡಿ ತಿನಕೋತ ಬರ್ತಿದ್ಳು."

"ದೋಣಿಯೊಳಗ ತಿನ್ನೂದು ಕುಡಿಯೂದು ಮಾಡಬಾರದು, ಮಾಮಾ. ಫಲಕದಾಗ ಐತಿ."

ಹೀಗಾಗಿ ಊಟ ದಂಡೆಯ ಮೇಲೆ. ವೈನಿ ಓಡಿಹೋಗಿ ಜೋಳದ ರೊಟ್ಟಿ, ಝುಣಕ, ಮೊಸರು ತಂದಳು. ಟ್ಯೂಬು ತೆಗೆಯಲು ಹೋದರೆ ಮತ್ತೆ ಹಾಕುವುದು ಯಾವಾಗ ಎಂದು ಅದರೊಳಗೇ ಅವ್ವನನ್ನು ಕೂರಿಸಿದೆವು. ಟ್ಯೂಬಿನ ಮೇಲೆ ತಾಟು ಸರಿಯಾಗಿ ಕುಳಿತಿತು. ಆ ದಿನ ನನ್ನ ಏರ್ಪಾಡುಗಳಲ್ಲಿ ಉಪಯೋಗಕ್ಕೆ ಬಂದದ್ದು ಅದೊಂದೇ.

ಅವ್ವನಿಗೆ ಇನ್ನೊಂದು ನೇಮವಿತ್ತು. ಉಣ್ಣುವಾಗ ಮಾತಾಡುತ್ತಿರಲಿಲ್ಲ. ಲಗು ಲಗು ಉಣ್ಣು ಎಂದು ನಾನು ಹೇಳಿದರೆ ತಲೆ ಆಡಿಸುವಳು, ಮತ್ತೆ ಅದೇ ನಿಧಾನ. ಹಲ್ಲು ಅರ್ಧ ಇರಲಿಲ್ಲ. ರೊಟ್ಟಿಯ ಪ್ರತಿ ತುಣುಕನ್ನೂ ಮೊಸರಿನಲ್ಲಿ ನೆನೆಸಿ, ಎದುರು ದಂಡೆಯನ್ನು ನೋಡುತ್ತ, ಸಾವಕಾಶ ತಿಂದಳು. ನಾನು ಒಮ್ಮೆ ಅವಳ ತಾಟು ನೋಡುವೆ, ಒಮ್ಮೆ ಸೂರ್ಯನನ್ನು ನೋಡುವೆ. ಎರಡೂ ಖಾಲಿಯಾಗುತ್ತಿದ್ದವು, ಸೂರ್ಯ ಸ್ವಲ್ಪ ಜೋರಾಗಿ. ಅವಳು ಗುಳಿಗೆ ನುಂಗಿ, ಬಾಯಿ ಮುಕ್ಕಳಿಸಿ, ಕೈ ಮುಗಿಯುವುದಕ್ಕೂ ಅವನು ಕಬ್ಬಿನ ಗದ್ದೆಯ ಹಿಂದೆ ಇಳಿಯುವುದಕ್ಕೂ ಸರಿಹೋಯಿತು.

"ಏಳ ಅಕ್ಕಾ," ಎಂದ ಮಾಮಾ.

ನಾನು ಏಳಲಿಲ್ಲ. ಸೂರ್ಯಾಸ್ತದ ನಂತರ ದೋಣಿವಿಹಾರ ಕಡ್ಡಾಯವಾಗಿ ನಿಷೇಧಿಸಲಾಗಿದೆ. ಫಲಕದಲ್ಲಿ ಅದೊಂದೇ ಸಾಲು ಕೆಂಪಕ್ಷರದಲ್ಲಿತ್ತು.

"ಇನ್ನೂ ಬೆಳಕು ಐತಲ್ರಿ, ಬಾಯಾರ."

"ಸೂರ್ಯಾಸ್ತ ಅಂತ ಬರದೈತಿ ಮಾಮಾ. ಕತ್ತಲಿ ಅಂತ ಬರದಿಲ್ಲ."

ನನ್ನ ಇಡೀ ವಿದ್ವತ್ತಿನ ಸಾರ ಆ ಎರಡು ವಾಕ್ಯಗಳಲ್ಲಿತ್ತು. ಮಾಮಾ ಬಾಯಿ ತೆರೆದ. ಅವನು ಏನೋ ಅನ್ನುವ ಮೊದಲೇ ಅವ್ವ ಅಂದಳು, "ಇರಲಿ ಬಿಡೋ ಭರಮೂ. ನನ್ನ ನೇಮಾ ಮುರೀಲಿಲ್ಲ. ಆಕಿ ನೇಮಾ ಯಾಕ ಮುರಸ್ತೀ?"

ಈಗ ಬರೆಯುವಾಗ ಈ ಮಾತು ನನಗೆ ಬಹಳ ಚೊಕ್ಕವಾಗಿ ಕೇಳಿಸುತ್ತದೆ. ಅವ್ವ ಇಷ್ಟು ಚೊಕ್ಕವಾಗಿ ಹೇಳಿದ್ದಳೋ, ನಾನು ಇಷ್ಟು ವರ್ಷ ಮನಸ್ಸಿನಲ್ಲಿ ತಿಕ್ಕಿ ತಿಕ್ಕಿ ಹೀಗಾಗಿದೆಯೋ ತಿಳಿಯದು. ವೈನಿಯನ್ನು ಕೇಳಿದರೆ, ಅಂದಿದ್ರು ಅಂದಿದ್ರು, ಎನ್ನುತ್ತಾಳೆ.

ಕೊನೆಗೆ ನಾನೇ ಒಂದು ಉದಾರ ತೀರ್ಪು ಕೊಟ್ಟೆ. ಕಟ್ಟಿಹಾಕಿದ ದೋಣಿಯಲ್ಲಿ ಕೂರುವುದು ವಿಹಾರ ಎನಿಸುವುದಿಲ್ಲ, ಆದ್ದರಿಂದ ಕೂರಬಹುದು. ಮಾಮಾ ಕೊಪ್ಪರಿಗೆಯನ್ನು ನೀರಿಗೆ ನೂಕಿ, ಅದರ ಬಳೆಗೆ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ಜಾಲಿ ಗಿಡಕ್ಕೆ ಬಿಗಿದ. ಅವ್ವನನ್ನು ಟ್ಯೂಬಿನ ಸಮೇತ ಎತ್ತಿ ಒಳಗೆ ಕೂರಿಸಿದ. ಶೇಂಗಾ ಉಂಡಿಯ ಗಂಟು ಅವಳ ತೊಡೆಯ ಮೇಲಿತ್ತು. ಮೊಣಕಾಲುಮಟ್ಟ ನೀರಿನಲ್ಲಿ ನಿಂತು ಅವನು ಅಂಚು ಹಿಡಿದು ಕೊಪ್ಪರಿಗೆಯನ್ನು ಮೆಲ್ಲಗೆ ತಿರುಗಿಸತೊಡಗಿದ. ದುಂಡಗಿನ ಪಾತ್ರೆ, ಮುಂದೆ ಹೋಗಲಾರದ್ದು ಸುತ್ತಲಾರದೇ?

ಅವ್ವನ ಮುಖ ಎದುರು ದಂಡೆಗೆ ಬಂತು.

"ಅಕೋ, ನಮ್ಮ ಬಸ್ತಿ," ಎಂದಳು.

ಕೊಪ್ಪರಿಗೆ ತಿರುಗಿತು.

"ಅಕೋ, ನಮ್ಮ ಎಮ್ಮಿ. ಅಕೋ, ಪದ್ದಿ."

ಮತ್ತೆ ತಿರುಗಿತು.

"ಅಕೋ, ನಮ್ಮ ಬಸ್ತಿ."

ಎಷ್ಟು ಸುತ್ತು ಬಂದಳೋ ಲೆಕ್ಕವಿಲ್ಲ. ಪ್ರತಿ ಸಲವೂ ತವರು ಬಂದಾಗ ಅದೇ ಮೊದಲು ಕಂಡವಳ ಹಾಗೆ ಹೇಳುತ್ತಿದ್ದಳು. ಪ್ರತಿ ಸಲವೂ ನಾನು ಬಂದಾಗ ಕೈ ಬೀಸುತ್ತಿದ್ದಳು. ನಾನೂ ನಿಯಮಾವಳಿಯ ಕಾಗದ ಹಿಡಿದ ಕೈಯನ್ನೇ ಬೀಸುತ್ತಿದ್ದೆ.

ಬೆಳಕು ಆರುತ್ತ ಬಂದಾಗ ಮಾಮಾ ತಿರುಗಿಸುವುದನ್ನು ನಿಲ್ಲಿಸಿದ. ಅವ್ವನ ಮುಖ ಎದುರು ದಂಡೆಗೆ ಇತ್ತು. ಅವನು ಬಗ್ಗಿ, ಒಂದು ಕೈ ಹಗ್ಗದ ಗಂಟಿನ ಮೇಲಿಟ್ಟು, ಅವಳ ಕಿವಿಯಲ್ಲಿ ಏನೋ ಕೇಳಿದ. ಅವ್ವ ಕತ್ತು ಹೊರಳಿಸಿ ನನ್ನನ್ನು ನೋಡಿದಳು. ಆಮೇಲೆ ನಕ್ಕು, ಬೇಡ ಎನ್ನುವಂತೆ ತಲೆಯಾಡಿಸಿದಳು. ನಕ್ಕಳೆಂದು ನನ್ನ ನೆನಪು. ಮಬ್ಬಿನಲ್ಲಿ ನಗು ಹೇಗೆ ಕಂಡಿತು ಎಂದು ಯಾರಾದರೂ ಕೇಳಬಹುದು.

ಅವಳನ್ನು ಇಳಿಸಿದ ಮೇಲೆ ಮಾಮಾ ಹೊರಟ. ನಾಳೆ ಪೂಜೆ, ಕೊಪ್ಪರಿಗೆ ಒಲೆಯ ಮೇಲಿರಬೇಕು. ಕತ್ತಲಲ್ಲಿ, ಒಬ್ಬನೇ, ಟ್ಯೂಬಿಲ್ಲದೆ, ನಿಂತುಕೊಂಡು, ಅವ್ವ ಕೊಟ್ಟ ಉಂಡಿ ತಿನ್ನುತ್ತ ಹೋದ. ಫಲಕದ ಒಂದು ಸಾಲನ್ನೂ ಉಳಿಸಲಿಲ್ಲ. ನೀರಿನ ಸದ್ದು ನಿಲ್ಲುವ ತನಕ ಅವ್ವ ದಂಡೆಯ ಮೇಲೆ ಕುಳಿತಿದ್ದಳು.

ನಿಯಮಾವಳಿಯ ದೃಷ್ಟಿಯಿಂದ ನೋಡಿದರೆ ಅದು ಸಂಪೂರ್ಣ ಯಶಸ್ವಿಯಾದ ದೋಣಿವಿಹಾರ. ಅಪಘಾತವಿಲ್ಲ, ನಿಯಮಭಂಗವಿಲ್ಲ. ಪ್ರಯಾಣವೂ ಇಲ್ಲ.

ಆ ವಾರವೇ ಮಾಮಾ ಹೊಸ ಬೆಲ್ಲದ ಮೊದಲ ಅಚ್ಚು ಕಳಿಸಿದ. ಬಣ್ಣ ಬೆಲ್ಲದ್ದೇ ಇತ್ತು, ವಾಸನೆ ಮಾತ್ರ ಚಿಮಣಿ ಎಣ್ಣೆಯದು. "ಬತ್ತಿ ಹಾಕಿದ್ರ ಉರಿತೈತಿ," ಎಂದು ವೈನಿ ಮೂಗು ಮುರಿದಳು. ಅವ್ವ ಮಾತ್ರ ಅದನ್ನು ಬೇರೆ ಡಬ್ಬಿಯಲ್ಲಿ ಇಡಿಸಿಕೊಂಡು ದಿನಾ ಸಂಜೆ, ಹೊತ್ತು ಮುಳುಗುವ ಮೊದಲು, ಒಂದು ಚೂರು ತಿನ್ನುತ್ತಿದ್ದಳು. ನಮ್ಮೂರ ಬೆಲ್ಲ, ಭಾಳ ಚಲೋ ಐತಿ, ಎನ್ನುತ್ತಿದ್ದಳು. ಅಚ್ಚು ಮುಗಿಯಲಿಲ್ಲ. ಯುಗಾದಿಯೂ ಬಂದಿರಲಿಲ್ಲ. ಕೊಪ್ಪರಿಗೆ ಇನ್ನೂ ಒಲೆಯ ಮೇಲೇ ಇತ್ತು. ತವರಿನವರು ಅವ್ವನ ಅಂತ್ಯಸಂಸ್ಕಾರಕ್ಕೆ ಸೇತುವೆಯ ಮೇಲಿಂದ, ಜೀಪಿನಲ್ಲಿ ಬಂದರು.

ಮಾಮಾ ಈಗಲೂ ಬರುತ್ತಾನೆ, ಮಂಡಿನೋವಿನಿಂದ ನಿಂತು ಹೊಳೆ ದಾಟುವುದನ್ನು ಬಿಟ್ಟಿದ್ದಾನೆ. ಹೋದ ಪಂಚಮಿಗೆ ಉಂಡಿ ಕೊಡಲು ಬಂದಾಗ, ಹಿತ್ತಲಲ್ಲಿ ಇಬ್ಬರೇ ಇದ್ದೆವು. ಆಚೆಯ ಶಿಖರ ಕಾಣುತ್ತಿತ್ತು. ನಾನು ಕೇಳಿದೆ. ಅವನು ಈ ಸಲ ನೀರು ಕಡಿಮೆ ಎಂದ, ಚಹಾ ಇಡ್ರಿ ಬಾಯಾರ ಎಂದ. ಚಹಾ ಇಟ್ಟೆ. ಕುಡಿದು ಹೋದ. ನಾನು ಕೇಳಿದ್ದು ಇಷ್ಟೇ:

"ಮಾಮಾ, ಅವತ್ತ ಹಗ್ಗದ ಮ್ಯಾಲೆ ಕೈ ಇಟ್ಟು ಅವ್ವನ ಕಿವ್ಯಾಗ ಏನ್ ಕೇಳಿದಿ?"