ಖಾಲಿ ಲೋಟದ ಟೀ

ಮಕ್ಕಳ ಚಿತ್ರಪುಸ್ತಕ ಬರೆಯುವವರ ಮೇಲೆ ನನಗೆ ಈಚೆಗೆ ವಿಪರೀತ ಸಿಟ್ಟು. ಪುಟಕ್ಕೆರಡು ಸಾಲು ಬರೆದು ಅವರು ಹಾಯಾಗಿರುತ್ತಾರೆ; ದಿನಕ್ಕೆ ಹತ್ತು ಸಲ ಓದುವ ಕರ್ಮ ನನ್ನದು. ಸ್ಪ್ರಿಂಕ್ಲರ್ ರಿಪೇರಿಗೆಂದು ಮೂಡಿಗೆರೆಗೆ ಹೋದವನು ನಾಲ್ಕು ವರ್ಷದ ಮಗಳು ಮಾನ್ಯಾಳಿಗೆ ಒಂದು ಪುಸ್ತಕ ತಂದದ್ದೇ ತಪ್ಪಾಯಿತು. ಕಥೆ ಇಷ್ಟೇ: ಕರಡಿ ಮತ್ತು ಮೊಲ ಖಾಲಿ ಲೋಟದಲ್ಲಿ ಸುಳ್ಳುಸುಳ್ಳೇ ಟೀ ಕುಡಿಯುತ್ತವೆ, ಜಗಳವಾಡುತ್ತವೆ, ಕರಡಿ ಮೊಲದ ಮನೆಗೆ ಹೋಗಿ ಕರೆಯುತ್ತದೆ, ಮತ್ತೆ ಟೀ. ಕಾಫಿ ಬೆಳೆಗಾರನ ಮನೆಯಲ್ಲಿ ಟೀ! ಕಾಫಿ ಎಂದು ತಿದ್ದಿ ಓದಿದರೆ ಮಗಳು, "ಸರಿಯಾಗಿ ಓದು" ಎಂದು ಗದರುತ್ತಾಳೆ.

ಓದಿದ ಮೇಲೆ ಆಟ. ತೋಟದ ಹಾಜರಿ ಬರೆಯುವ ರೈಟರ್ ಮಂಜಪ್ಪನ ಮಗಳು ಸಿಂಚನ ಮೊಲ. ಗಾತ್ರ ನೋಡಿ ನಾನು ಕರಡಿ. ಕರಡಿ ಮೊಬೈಲ್ ಮುಟ್ಟುವಂತಿಲ್ಲ.

ಒಂದು ಬೆಳಗ್ಗೆ ಕಣದಲ್ಲಿ ಕಾಫಿ ಒಣಗಲು ಹರವಿತ್ತು, ಮೇಲೆ ಮಳೆಮೋಡ. ತಲೆಕೆಟ್ಟು ಜಗಲಿಯಲ್ಲಿ ಪೇಪರ್ ಹಿಡಿದು ಕೂತಿದ್ದೆ. ಸಿಂಚನ ಬಂದು, "ಕರಡಿ ಅಂಕಲ್, ಆಟಕ್ಕೆ ಬನ್ನಿ" ಅಂದಳು. ತಲೆ ಎತ್ತದೆ, "ಈಗ ಪುರುಸೊತ್ತಿಲ್ಲ, ನಾಳೆ ಬಾ" ಅಂದುಬಿಟ್ಟೆ. ನಮ್ಮ ಜಗಲಿಗೆ ಬಂದವರು ರಜೆ ಕೇಳಲಿ, ಮನೆಯ ಹಂಚು ಬದಲಿಸಿಕೊಡಿ ಅನ್ನಲಿ, ಅಪ್ಪನ ಕಾಲದಿಂದಲೂ ಇದೇ ಉತ್ತರ. ಯೋಚಿಸುವ ಮೊದಲೇ ಬಾಯಿಗೆ ಬಂದಿರುತ್ತದೆ.

ಮೂರು ದಿನ ಸಿಂಚನ ಬರಲಿಲ್ಲ. ಮಗಳು ಊಟ ಬಿಟ್ಟು ಮೊಲದ ಲೋಟದೆದುರು ಕೂತು, "ಅವ್ಳು ಇನ್ನು ಬರೋದೇ ಇಲ್ಲ, ನಿನ್ನಿಂದಾನೇ" ಎಂದು ಬಿಕ್ಕಿದಳು. ನನಗೆ ನಿಜಕ್ಕೂ ಸಂಕಟವಾಯಿತು.

"ಪುಸ್ತಕದಲ್ಲಿ ಕರಡಿನೇ ಹೋಗಿ ಕರೀತದಲ್ಲ ಮಾರಾಯ್ರೇ, ನಿಮ್ಗೇನು ಕಾಲು ಸವೀತದಾ?" ಎಂದಳು ಹೆಂಡತಿ.

ಹೋದೆ. ಮಂಜಪ್ಪನ ಮನೆ ಮುಂದೆ ಸಿಂಚನ ಕಾಫಿ ಕುಯ್ಯುವ ಬುಟ್ಟಿಯನ್ನು ಬೋರಲು ಹಾಕಿ, ಅದರ ಮೇಲೆ ಕಾಲಮೇಲೆ ಕಾಲು ಹಾಕಿ ಕೂತು, ಪೇಪರನ್ನು ತಲೆಕೆಳಗೆ ಹಿಡಿದಿದ್ದಳು.

"ಆಟಕ್ಕೆ ಬರ್ತೀಯಾ ಮರಿ?" ಅಂದೆ.

ಅವಳು ತಲೆ ಎತ್ತಲಿಲ್ಲ. "ಈಗ ಪುರುಸೊತ್ತಿಲ್ಲ, ನಾಳೆ ಬಾ."

ಮಂಜಪ್ಪ ಓಡಿಬಂದು, "ಬೇಜಾರ್ ಮಾಡ್ಕೋಬೇಡಿ, ಮೂರು ದಿನದಿಂದ ಇದೇ ಆಟ. ಸೌಕಾರ್ರ ಆಟವಂತೆ" ಎಂದು ಬೆವರಿದ. ಹಂಚಿಗಾಗಿ ತಿಂಗಳುಗಟ್ಟಲೆ ನನ್ನ ಜಗಲಿಗೆ ಅಲೆದವನು ಅವನೇ. ನಾಚಿಕೆಯಿಂದ ಮೈಯೆಲ್ಲ ಹಿಡಿಯಷ್ಟಾಯಿತು.

ಮರುದಿನ ಜೀಪಿನಲ್ಲಿ ಹಂಚು ಹೇರಿಕೊಂಡು ಹೋದೆ. ಸಿಂಚನ ಅದನ್ನು ನೋಡಿ, ಪೇಪರ್ ಮಡಚಿಟ್ಟು, ಜೀಪು ಹತ್ತಿದಳು. ಮಗಳು ಊಟ ಮಾಡಿದಳು. ಆದರೆ ಕರಡಿ ಆಟ ಹೋಗಿ ಸೌಕಾರ್ರ ಆಟ ಬಂದಿದೆ. ಅವರಿಬ್ಬರೂ ನನ್ನ ಈಸಿಚೇರಿನಲ್ಲಿ ಸೌಕಾರ್ರು, ನಾನು ಅಂಗಳದಲ್ಲಿ ಕೈಕಟ್ಟಿ ನಿಂತು ರಜೆ ಕೇಳುವವನು. ರಜೆ ಇನ್ನೂ ಸಿಕ್ಕಿಲ್ಲ.