ಮೂರು ಮನೆ ದಾಟಿದ ಮೇಲೆ ನಮ್ಮ ಮನೆ

ಮೊಬೈಲ್ ಮ್ಯಾಪಿನ ಪ್ರಕಾರ ಸಿದ್ಧಕಟ್ಟೆಯ ನಮ್ಮ ಹೊಸ ಮನೆ ಇರುವುದು ಕೆಂಪುಕಲ್ಲು ಕಡಿದು ಬಿಟ್ಟ ಹಳೆಯ ಕೋರೆಯ ಹೊಂಡದೊಳಗೆ. ಬಿ.ಸಿ.ರೋಡಿನಿಂದ ಹೊರಟ ನಮ್ಮ ಸಿಂಕು, ಫ್ಯಾನು, ಮಂಚ ಎಲ್ಲವೂ ಮೊದಲು ಕೋರೆಯ ದರ್ಶನ ಪಡೆದೇ ಮನೆಗೆ ಬಂದವು. ಅದನ್ನಾದರೂ ಸಹಿಸಬಹುದಿತ್ತು. ಮನೆಯ ಅಡಿಪಾಯಕ್ಕೆ ಕೆಸರುಕಲ್ಲು ಹಾಕಿದ ದಿನ ನನ್ನ ಹೆಂಡತಿ ರಾಜೀವಿಯ ಸೋದರಮಾವನೂ ಕೋರೆಯ ಅಂಚಿನವರೆಗೆ ಹೋಗಿ, ಕಾರು ತಿರುಗಿಸಿ, ನೇರ ಬೆಳ್ತಂಗಡಿಗೆ ವಾಪಸಾದರು. ಅಂದಿನಿಂದ ಅವರು ನನ್ನ ಹೆಸರೆತ್ತಿರಲಿಲ್ಲ.

ನಮ್ಮಲ್ಲಿ ಸೋದರಮಾವನೆಂದರೆ ಸಾಮಾನ್ಯ ಸಂಗತಿಯಲ್ಲ. ಮನೆ ಒಕ್ಕಲಿನ, ಅಂದರೆ ಗೃಹಪ್ರವೇಶದ ದಿನ ದೀಪ ಹಚ್ಚಬೇಕಾದವರು ಅವರೇ. ಮಾವ ಬಾರದಿದ್ದರೆ ಒಕ್ಕಲೇ ಬೇಡ, ಬಾಡಿಗೆ ಮನೆಯಲ್ಲೇ ಇರುವ ಎಂದು ರಾಜೀವಿ ತೀರ್ಪು ಕೊಟ್ಟಳು. (ನಮ್ಮ ಮನೆಯ ತೀರ್ಪಿಗೆ ಮೇಲ್ಮನವಿ ಇಲ್ಲ.)

ಮೂಡುಬಿದಿರೆಯ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವ ನನ್ನೊಳಗಿನ ವಿಜ್ಞಾನಿ ಆಗ ಎಚ್ಚರಗೊಂಡ. ಎರಡು ತಿಂಗಳು ಕುಳಿತು ಒಂದು ಆ್ಯಪ್ ಮಾಡಿದೆ. ನಾವು ಒಮ್ಮೆ ಹೋದ ದಾರಿಯನ್ನು ಅದು ಗೆರೆ ಎಳೆದು ಉಳಿಸಿಕೊಳ್ಳುತ್ತದೆ. ಆ ಗೆರೆಯನ್ನು ಯಾರಿಗೆ ಕಳಿಸಿದರೂ ಅವರ ಫೋನು ಎಡಕ್ಕೆ, ಬಲಕ್ಕೆ ಎಂದು ಹೇಳುತ್ತ ಅದೇ ದಾರಿಯಲ್ಲಿ ಕರೆತರುತ್ತದೆ. ಎರಡೇ ಗುಂಡಿ: 'ಶುರು' ಮತ್ತು 'ಮುಗಿಯಿತು'. ನಡುವೆ ತಡೆದು ನಿಲ್ಲಿಸುವ ಗುಂಡಿ ಬೇಕಿಲ್ಲವೆಂದು ನಾನೇ ನಿರ್ಧರಿಸಿದ್ದೆ.

"ಪೇಟೆಯಲ್ಲಿ ಯಾರನ್ನಾದ್ರೂ ಕೇಳಿಕೊಂಡು ಬನ್ನಿ ಅಂತ ಮಾವನಿಗೆ ಹೇಳಿದ್ರೆ ಸಾಕಿತ್ತು ಮಾರಾಯ್ರೆ. ಅದಕ್ಕೆ ಎರಡು ತಿಂಗಳು ಎಂತ ಕುಟ್ಟುವುದು ನೀವು?" ಎಂದಳು ರಾಜೀವಿ. ಸಂಶೋಧಕರಿಗೆ ಮನೆಯಲ್ಲಿ ಬೆಲೆ ಇಲ್ಲವೆಂದುಕೊಂಡೆ.

ಒಂದು ಭಾನುವಾರ ಇಬ್ಬರೂ ಸ್ಕೂಟರಿನಲ್ಲಿ ಸಿದ್ಧಕಟ್ಟೆ ಪೇಟೆಯಿಂದ ಹೊರಟು 'ಶುರು' ಒತ್ತಿದೆವು. ಮನೆಗೆ ಎರಡೇ ಕಿಲೋಮೀಟರು. ನೂರು ಮೀಟರ್ ಹೋಗುವಷ್ಟರಲ್ಲಿ ರಾಜೀವಿ ಬೆನ್ನು ತಟ್ಟಿದಳು. ಹೇಗೂ ಹೋಗುವ ದಾರಿ, ಮೊಯ್ದೀನರ ಮನೆಗೆ ಒಕ್ಕಲಿನ ಕಾಗದ ಕೊಟ್ಟೇ ಹೋಗುವ ಎಂದಳು. ಕಾಗದವನ್ನು ಗೇಟಿನಲ್ಲಿ ಕೊಟ್ಟು ಓಡುವ ಕ್ರಮ ನಮ್ಮಲ್ಲಿಲ್ಲ. ಒಳಗೆ ಹೋಗಬೇಕು, ಕೂರಬೇಕು, ಏನಾದರೂ ಕುಡಿಯಬೇಕು. ಮೊಯ್ದೀನರ ಹೆಂಡತಿ ಜುಲೈಕಾ ಶರಬತ್ತು ಕೊಟ್ಟರು. ಆಮೇಲೆ ಬಲಕ್ಕೆ ತಿರುಗಿ ಕಾಂತಿ ಟೀಚರ ಮನೆ, ಚಹಾ. ಆಮೇಲೆ ಗುಡ್ಡ ಹತ್ತಿ ತುಕ್ರಪ್ಪನ ಮನೆ, ಎಳನೀರು. ಹೊಟ್ಟೆಯಲ್ಲಿ ಮೂರು ನದಿಗಳ ಸಂಗಮವಾದ ಮೇಲೆ ನಮ್ಮ ಅಂಗಳ ತಲುಪಿ 'ಮುಗಿಯಿತು' ಒತ್ತಿದೆ. ಗೆರೆ ಸ್ವಲ್ಪ ಗಂಟುಗಂಟಾಗಿ ಕಂಡಿತು. ನಮ್ಮ ಊರಿನ ರಸ್ತೆಯೇ ಹಾಗಲ್ಲವೇ ಎಂದುಕೊಂಡು, ಹೆಮ್ಮೆಯಿಂದ ಅದನ್ನೇ ಮಾವನಿಗೆ ಕಳಿಸಿದೆ.

ಒಕ್ಕಲಿನ ದಿನ ಹತ್ತೂ ನಲವತ್ತಕ್ಕೆ ಮುಹೂರ್ತ. ಹತ್ತು ಗಂಟೆಯಾದರೂ ಮಾವನಿಲ್ಲ, ಅವರ ಫೋನಿಗೆ ಸಿಗ್ನಲ್ ಇಲ್ಲ. ರಾಜೀವಿ ಸ್ಕೂಟರಿನ ಕೀಲಿ ತಂದು ನನ್ನ ಕೈಗಿಟ್ಟಳು. ಸ್ಕೂಟರ್ ಹತ್ತಿ ಮೊದಲು ಕೋರೆಗೆ ಓಡಿದೆ. ಅಲ್ಲಿಲ್ಲ. ಮೊಯ್ದೀನರ ಮನೆಯಲ್ಲಿ ಕೇಳಿದರೆ, ಆಗಲೇ ಶರಬತ್ತು ಕುಡಿದು ಮೊಯ್ದೀನರನ್ನೂ ಕಾರಿನಲ್ಲಿ ಕರೆದುಕೊಂಡು ಹೋದರು ಎಂದರು ಜುಲೈಕಾ. ಆಗ ನನಗೆ ಆ ಗಂಟುಗಳ ಅರ್ಥವಾಯಿತು: ಕಾಗದ ಕೊಡಲು ನಾವು ಹೊಕ್ಕ ಮೂರು ಮನೆಗಳೂ ಗೆರೆಯಲ್ಲಿ ಸೇರಿಕೊಂಡಿದ್ದವು. ಸ್ಕೂಟರನ್ನು ಗುಡ್ಡದ ಕಡೆಗೆ ಓಡಿಸಿದೆ.

ಮಾವ ತುಕ್ರಪ್ಪನ ಜಗಲಿಯಲ್ಲಿ ಕಾಲು ಚಾಚಿ ಕೂತು ಎಳನೀರು ಕುಡಿಯುತ್ತಿದ್ದರು. ಮೊಯ್ದೀನರ ಜೊತೆಗೆ ಕಾಂತಿ ಟೀಚರನ್ನೂ ಆಗಲೇ ಕಾರಿನಲ್ಲಿ ಕೂರಿಸಿಕೊಂಡಿದ್ದರು. ಕ್ಷಮೆ ಕೇಳಲು ನಾನು ಬಾಯಿ ತೆರೆದೆ.

"ಶೇಖರಾ, ದಾರಿ ಲಾಯ್ಕ್ ಉಂಟು ಮಾರಾಯ," ಎಂದರು ಮಾವ. "ಒಕ್ಕಲಿಗೆ ಮೊದಲು ನೆರೆಕರೆಯವರ ಗುರ್ತ ಆಗ್ಬೇಕು. ಒಂದೊಂದೇ ಮನೆಗೆ ಹತ್ತಿಸಿ ಇಳಿಸಿದ್ದು ನೋಡು, ಅದು ಮರ್ಯಾದೆ. ಇದು ರಾಜೀವಿಯ ಬುದ್ಧಿ ಅಂತ ನನಗೆ ಆಗ್ಲೇ ಗೊತ್ತಾಯ್ತು. ನಿನಗೆ ಇಷ್ಟೆಲ್ಲ ಎಲ್ಲಿ ಹೊಳೀತದೆ?"

ತಪ್ಪಾಯಿತು ಎಂದರೆ ಮಾವ ಪುನಃ ಬೆಳ್ತಂಗಡಿಗೆ ತಿರುಗಬಹುದು. ನನ್ನದೇ ಬುದ್ಧಿ ಎಂದರೆ ನಂಬುವವರಿಲ್ಲ. ಹಲ್ಲು ಕಿರಿದು ನಿಂತೆ. ಮುಹೂರ್ತಕ್ಕೆ ಐದು ನಿಮಿಷ ಇರುವಾಗ ಮಾವ ಮೂರು ಮನೆಯವರೊಂದಿಗೆ ಬಂದಿಳಿದು ದೀಪ ಹಚ್ಚಿದರು. ಹಾಲು ಉಕ್ಕಿತು, ರಾಜೀವಿಯ ಕಣ್ಣೂ ತುಂಬಿತು. ನನಗೂ ನಿಜವಾಗಿ ಸಂತೋಷವಾಯಿತು.

ಊಟವಾದ ಮೇಲೆ ಮಾವ ನನ್ನನ್ನು ಹತ್ತಿರ ಕೂರಿಸಿಕೊಂಡರು. ಮುಂದಿನ ತಿಂಗಳು ಅವರ ಮೊಮ್ಮಗಳು ಮೋಕ್ಷಿತಾಳ ಮದುವೆ. ಬೆಳ್ತಂಗಡಿಯಲ್ಲಿ ಕಾಗದ ಕೊಡಲು ಇನ್ನೂರ ಹನ್ನೆರಡು ಮನೆ ಉಂಟಂತೆ. ಎಲ್ಲ ಮನೆಗೂ ನಾನೇ ಹೋಗಿ, ಕೂತು, ಆ್ಯಪಿನಲ್ಲಿ ದಾರಿ ಹಿಡಿದು ಅವರಿಗೆ ಕೊಡಬೇಕಂತೆ; ಅದೇ ದಾರಿಯಲ್ಲಿ ಅವರು ಕಾಗದ ಕೊಡುತ್ತ ಹೋಗುತ್ತಾರಂತೆ. ಆಗುವುದಿಲ್ಲ ಎನ್ನುವ ಮೊದಲೇ ರಾಜೀವಿ ಒಪ್ಪಿಕೊಂಡಿದ್ದಳು.

ಇದನ್ನು ಬರೆಯುತ್ತಿರುವುದು ಮೂವತ್ತೊಂದನೆಯ ಮನೆಯ ಚಾವಡಿಯಲ್ಲಿ. ಚಹಾ ಆಗಬಹುದಾ, ಶರಬತ್ತು ಆಗಬಹುದಾ ಎಂದು ಒಳಗಿನಿಂದ ಕೇಳಿದರು. ನಾನು ಬೇಡವೆಂದು ಕೈಮುಗಿಯುವಷ್ಟರಲ್ಲಿ ಪಕ್ಕದಲ್ಲಿದ್ದ ರಾಜೀವಿ ಹೇಳಿದಳು, "ಅವರಿಗೆ ಎರಡೂ ಆಗ್ತದೆ."